ಹಂಗೇರಿಯ ಪ್ರಶ್ನೆ ಭಾವನದ್ದಲ್ಲ

ಯಾವುದು ಮೊದಲು ನಡೆಯಿತು ಎಂಬುದು ನನಗೆ ಇಂದಿಗೂ ಖಚಿತವಿಲ್ಲ — ನಾನು ಸುಳ್ಳು ಹೇಳಿದ್ದೋ, ಜನ ನಕ್ಕದ್ದೋ. ಭಾವ ಆಗ ನನ್ನ ಮುಖ ನೋಡಿದರೋ ಇಲ್ಲವೋ, ಅದೂ ಖಚಿತವಿಲ್ಲ. ನೋಡಿದರು ಎಂದು ಕೆಲವು ವರ್ಷ ನಂಬಿದ್ದೆ. ಆಮೇಲೆ ಕೆಲವು ವರ್ಷ, ನೋಡಲಿಲ್ಲ ಎಂದು ನಂಬಿದೆ. ಯಾವ ವರ್ಷ ಯಾವುದನ್ನು ನಂಬಿದರೆ ನಿದ್ದೆ ಬರುತ್ತದೋ ಅದನ್ನು ನಂಬುತ್ತ ಬಂದವನು ನಾನು. ಹಾಗಾಗಿ ನನ್ನ ನೆನಪನ್ನು ನೀವು ನಂಬಬೇಕಾಗಿಲ್ಲ. ನಾನೇ ನಂಬುವುದಿಲ್ಲ.

ಆದರೆ ಇಷ್ಟು ನಿಜ. ಕೊಡಗು ಮೈಸೂರಿಗೆ ಸೇರಿದ ಐವತ್ತಾರನೇ ಇಸವಿಯ ನವೆಂಬರಿನ ಕೊನೆಯಲ್ಲಿ ಗೋಣಿಕೊಪ್ಪಲಿನಲ್ಲಿ ಒಂದು ಸಭೆ ನಡೆಯಿತು. ದೆಹಲಿಯಿಂದ ಬಂದ ನಾಯಕರೊಬ್ಬರು ಇಂಗ್ಲಿಷಿನಲ್ಲಿ ಮಾತಾಡಿದರು, ನಾನು ಅದನ್ನು ಕನ್ನಡಕ್ಕೆ ತಿರುಗಿಸಿದೆ. ನನ್ನ ಅಕ್ಕನ ಗಂಡ ಬೆಳ್ಯಪ್ಪ ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. ಆ ಪ್ರಶ್ನೆಯನ್ನು ನಾನು ನಾಯಕರಿಗೆ ತಲುಪಿಸಲಿಲ್ಲ. ಬದಲಿಗೆ ಬೇರೆಯದೊಂದನ್ನು ಕಟ್ಟಿ ಹೇಳಿದೆ. ಸಾಲದ್ದಕ್ಕೆ ಅಷ್ಟು ಜನರ ಎದುರು ಭಾವನನ್ನು ನಗೆಪಾಟಲು ಮಾಡಿದೆ. ಮತ್ತು ಆ ಪ್ರಶ್ನೆ — ಇದನ್ನು ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ — ಆ ಪ್ರಶ್ನೆ ನನ್ನದೇ ಆಗಿತ್ತು.

ಆಗಷ್ಟೇ ಮೈಸೂರಿನಲ್ಲಿ ಎಂ.ಎ. ಮುಗಿಸಿ ಊರಿಗೆ ಬಂದಿದ್ದೆ. ಓದಿದ್ದು ರಾಜ್ಯಶಾಸ್ತ್ರ. ಕೆಲಸ ಇರಲಿಲ್ಲ. ಅಪ್ಪನ ಮನೆ ಭಾಗಮಂಡಲದ ಕಡೆ. ಅಲ್ಲಿ ದಿನವೂ 'ಕೆಲಸ ಏನಾಯಿತು' ಎಂಬ ವಿಚಾರಣೆ ತಪ್ಪುತ್ತಿರಲಿಲ್ಲವಾದ್ದರಿಂದ ಗೋಣಿಕೊಪ್ಪಲಿನ ಹತ್ತಿರವಿದ್ದ ಅಕ್ಕನ ಮನೆಯಲ್ಲಿ ಠಿಕಾಣಿ ಹೂಡಿದೆ. ಭಾವನಿಗೆ ಸಣ್ಣ ಕಾಫಿ ತೋಟವಿತ್ತು. ಯುದ್ಧದ ಕಾಲದಲ್ಲಿ ಪಲ್ಟನ್ನಿನಲ್ಲಿದ್ದು ಇಟಲಿಯವರೆಗೆ ಹೋಗಿ ಬಂದವರು. ನನ್ನ ಎಂ.ಎ. ಅವರ ಬಾಯಲ್ಲಿ ಮೊದಲ ದಿನವೇ ಎಮ್ಮೆಯಾಗಿತ್ತು. ನಾನು ಹೊರಗೆ ಸುತ್ತಾಡಿ ಬಂದರೆ ಜಗಲಿಯಿಂದಲೇ ಅಕ್ಕನಿಗೆ ಕೂಗುತ್ತಿದ್ದರು:

"ಎಮ್ಮೆ ಬಂತು ಕಣೇ, ಹುಲ್ಲು ಹಾಕು."

ಅಕ್ಕ ಒಳಗಿಂದ, "ಹಾಲು ಕೊಡೋ ಹಾಗೆ ಕಾಣೋದಿಲ್ಲ," ಎನ್ನುತ್ತಿದ್ದಳು.

ಆ ಮನೆಯಲ್ಲಿ ಮಾತು ಅಂದರೆ ಹೀಗೆ. ಮಾತನ್ನು ತಿರುಚಿ ನಗಿಸುವ ಚಾಳಿ ನನಗೆ ಹತ್ತಿದ್ದು ಅಲ್ಲೇ, ಅವರಿಂದಲೇ.

ಭಾವನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಕೇಳಿದರೆ ಅರ್ಥವಾಗುತ್ತಿತ್ತು, ಪಲ್ಟನ್ನಿನಲ್ಲಿ ಕಲಿತದ್ದು. ಇಂಗ್ಲಿಷ್ ಪೇಪರು ಬಸ್ಸಿನಲ್ಲಿ ಒಂದು ದಿನ ತಡವಾಗಿ ಬರುತ್ತಿತ್ತು, ನಾನು ಅದನ್ನು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಬೇಕು, ಅವರು ಕೇಳಬೇಕು. ಆ ತಿಂಗಳು ಪೇಪರಿನ ತುಂಬ ಎರಡೇ ದೇಶ. ಒಂದು ಕಡೆ ಈಜಿಪ್ಟ್ — ಕಾಲುವೆಗಾಗಿ ಇಂಗ್ಲಿಷರು, ಫ್ರೆಂಚರು ಬಾಂಬು ಹಾಕಿದ್ದರು. ಇನ್ನೊಂದು ಕಡೆ ಹಂಗೇರಿ — ಅಲ್ಲಿ ಜನ ಬೀದಿಗಿಳಿದಿದ್ದರು, ಅವರ ಮೇಲೆ ರಷ್ಯದ ಟ್ಯಾಂಕು ನುಗ್ಗಿತ್ತು. ಈಜಿಪ್ಟಿನ ಬಗ್ಗೆ ದೆಹಲಿ ಮರುದಿನವೇ ಗುಡುಗಿತು. ಹಂಗೇರಿಯ ಬಗ್ಗೆ — ವಿವರ ಬರಲಿ, ನೋಡೋಣ, ಅದು ಅವರ ಒಳಗಿನ ವಿಷಯ.

ನನಗೆ ಮೈ ಉರಿದಿತ್ತು. ಇಪ್ಪತ್ತೆರಡು ಇಪ್ಪತ್ತಮೂರು ವರ್ಷದವನಿಗೆ ಮೈ ಉರಿಯುವುದಕ್ಕೆ ಖರ್ಚೇನು? ಜಗಲಿಯಲ್ಲಿ ಕೂತು ಭಾಷಣ ಬಿಗಿದೆ. ಸ್ವಾತಂತ್ರ್ಯ ಅನ್ನುವುದು ಒಂದೇ ಆದರೆ ಅದಕ್ಕೆ ಎರಡು ತಕ್ಕಡಿ ಯಾಕೆ? ಬಿಳಿಯರು ಕಂದು ಜನರನ್ನು ತುಳಿದರೆ ಅನ್ಯಾಯ, ಬಿಳಿಯರನ್ನೇ ತುಳಿದರೆ ಒಳಗಿನ ವಿಷಯವೇ? ನಮ್ಮ ನಾಯಕರ ಮಾತಿನಿಂದ ಟ್ಯಾಂಕು ನಿಲ್ಲುವುದಿಲ್ಲ, ಒಪ್ಪಿದೆ. ಈಜಿಪ್ಟಿನಲ್ಲಿ ಬಾಂಬು ನಿಲ್ಲುತ್ತದೆ ಎಂದು ಲೆಕ್ಕ ಹಾಕಿಯೇ ಮಾತಾಡಿದರೋ? ಹೀಗೆಲ್ಲ. ಮೈಸೂರಿನಲ್ಲಿ ಕಲಿತ ವಾದವನ್ನೆಲ್ಲ ಅಕ್ಕನ ಕಾಫಿ ಕುಡಿಯುತ್ತ ಉದುರಿಸಿದೆ.

ಭಾವ ಕಾಫಿ ಲೋಟ ಕೆಳಗಿಟ್ಟರು. ಆಮೇಲೆ ಹೇಳಿದ್ದು — ಈ ಮಾತಿನಲ್ಲಿ ಮಾತ್ರ ನನ್ನ ನೆನಪು ತಪ್ಪಿಲ್ಲ ಎಂದುಕೊಂಡಿದ್ದೇನೆ —

"ನಾವು ಇಟಲಿಗೆ ಹೋಗಿ ಸತ್ತದ್ದು ಯಾರ ಸ್ವಾತಂತ್ರ್ಯಕ್ಕೆ ಮಾರಾಯ? ನಮಗೇ ಇರಲಿಲ್ಲ ಆಗ. ಇಲ್ಲದಾಗ ಪ್ರಾಣ ಕೊಟ್ಟಾಯಿತು. ಈಗ ಉಂಟಲ್ಲ, ಈಗ ಒಂದು ಮಾತು ಕೊಡ್ಲಿಕ್ಕೆ ಎಂತ ಕಷ್ಟ?"

ನಾನು ನಕ್ಕೆ. ಅಥವಾ ನಗಲಿಲ್ಲ.

ಅದೇ ವಾರ ಮುದ್ದಯ್ಯನವರು ನನ್ನನ್ನು ಕರೆಸಿದರು. ಊರಿನಲ್ಲಿ ಸಭೆ ಸಮಾರಂಭ ಯಾವುದಿದ್ದರೂ ಅವರದ್ದೇ ಯಜಮಾನಿಕೆ. ದೊಡ್ಡ ಪ್ಲಾಂಟರು, ಆಳುವ ಪಕ್ಷದವರು. ದೆಹಲಿಯ ನಾಯಕರಿಗೆ ಕನ್ನಡ ಬರುವುದಿಲ್ಲ, ನೀನು ನಿಂತು ಅನುವಾದ ಮಾಡಬೇಕು ಎಂದರು. ಸರ್ಕಾರಿ ಕಾಲೇಜಿನಲ್ಲಿ ಜಾಗ ಖಾಲಿ ಇದೆಯಂತೆ, ಮೈಸೂರಿನಲ್ಲಿ ತಾವೇ ನನ್ನ ಪರವಾಗಿ ಒಂದು ಮಾತು ಹಾಕುತ್ತಾರಂತೆ — ಅದನ್ನೂ ಅದೇ ಉಸಿರಿನಲ್ಲಿ ಹೇಳಿದರು. ಹೊರಡುವಾಗ ಹೆಗಲ ಮೇಲೆ ಕೈಯಿಟ್ಟು, "ನೋಡು, ಜನ ಬಿಸಿಯಾಗಿದ್ದಾರೆ. ಯಾರಾದರೂ ವಿಲೀನದ ಮಾತು ಎತ್ತಿದರೆ ಅಲ್ಲೇ ಮಡಚಿಬಿಡು," ಎಂದರು.

ಜನ ಬಿಸಿಯಾಗಿದ್ದದ್ದು ನಿಜ. ಒಂದು ಬೆಳಗ್ಗೆ ಎದ್ದರೆ ನಮ್ಮದು ರಾಜ್ಯವಲ್ಲ, ಜಿಲ್ಲೆ. ಕಚೇರಿಗಳಿಗೆ ಮೈಸೂರು ಕಡೆಯ ಅಧಿಕಾರಿಗಳು ಬರತೊಡಗಿದ್ದರು. ಅವರು ಮಾತಿಗೆ ಮೊದಲು ರೀ, ಕೊನೆಗೆ ರೀ — ಏನ್ರೀ, ಬನ್ರೀ, ಹಂಗೇ ರೀ. ನಮ್ಮಲ್ಲಿ ಯಾರೂ ಯಾರನ್ನೂ ರೀ ಎಂದವರಲ್ಲ. ಕೊಡವರಿರಲಿ, ಮನೆಯಲ್ಲಿ ಅರೆಭಾಷೆ ಎಂಬ ಕನ್ನಡದ ಒಳನುಡಿ ಆಡುವ ನಮ್ಮವರಿರಲಿ, ಪೇಟೆಯ ಮಲೆಯಾಳಿ ವ್ಯಾಪಾರಿಗಳಿರಲಿ, ಆ ರೀಯನ್ನು ಅಣಕಿಸಿ ನಗದ ಅಂಗಡಿ ಗೋಣಿಕೊಪ್ಪಲಿನಲ್ಲಿ ಇರಲಿಲ್ಲ. ಅರ್ಜಿ ಏನಾಯಿತು ಎಂದು ಕೇಳಿದರೆ ಗುಮಾಸ್ತ "ಅದು ಹಂಗೇ ರೀ" ಎಂದನಂತೆ ಎಂಬ ಕತೆ ದಿನಕ್ಕೊಂದು ಹುಟ್ಟುತ್ತಿತ್ತು.

ಭಾವ ವಿಲೀನದ ವಿರೋಧಿಯಲ್ಲ ಎಂಬುದನ್ನು ಇಲ್ಲೇ ಹೇಳಬೇಕು. ನಮ್ಮ ಮನೆಗಳಲ್ಲಿ ಹೆಚ್ಚಿನವರು ಮೈಸೂರಿಗೆ ಸೇರುವುದೇ ಒಳ್ಳೆಯದು ಎಂದವರು; ಭಾವನೂ ಹಾಗೇ. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಅನುವಾದಕ್ಕೆ ನಾನು ಎಂದು ತಿಳಿದಾಗ ಭಾವ ಖುಷಿಪಟ್ಟರು. "ಹಾಗಾದರೆ ಹಂಗೇರಿ ವಿಷಯ ನಾನು ಕೇಳ್ತೇನೆ. ಕನ್ನಡದಲ್ಲೇ ಕೇಳ್ತೇನೆ, ಜನಕ್ಕೂ ಗೊತ್ತಾಗಲಿ. ನೀನು ಅದಕ್ಕೆ ಒಳ್ಳೇ ಇಂಗ್ಲಿಷ್ ಹಾಕು, ನೀನು ಮೊನ್ನೆ ಹೇಳಿದ ಹಾಗೇ."

ಕೇಳಿ ಭಾವ ಎಂದೆನೋ, ಬೇಡ ಎಂದೆನೋ. ತಲೆಯಾಡಿಸಿದೆ ಎಂದು ಕಾಣುತ್ತದೆ. ಬೇಡ ಎಂದಿದ್ದರೆ ಅವರು ಆ ಪ್ರಶ್ನೆ ಎತ್ತುತ್ತಿರಲಿಲ್ಲ — ಹಾಗಾಗಿ, ಬೇಡ ಎನ್ನಲಿಲ್ಲ.

ಸಭೆ ನಡೆದದ್ದು ಸಂತೆ ಮೈದಾನದ ಪಕ್ಕದ ಹಳೆಯ ಗೋದಾಮಿನ ಅಂಗಳದಲ್ಲಿ. ಜನ ತುಂಬಿದ್ದರು, ಕೇಳಲು ಬಂದವರಿಗಿಂತ ಕೆಣಕಲು ಬಂದವರೇ ಜಾಸ್ತಿ. ನಾಯಕರು ಎತ್ತರದ ಮನುಷ್ಯ, ಬಿಳಿ ಶೇರ್ವಾನಿ. ಏಷ್ಯಾ ಎದ್ದಿದೆ ಎಂದರು. ಆಫ್ರಿಕಾ ಏಳುತ್ತಿದೆ ಎಂದರು. ಈಜಿಪ್ಟಿನ ಮೇಲೆ ಬಾಂಬು ಹಾಕಿದ್ದು ಅನ್ಯಾಯ ಎಂದರು. ಎಲ್ಲೇ ಮನುಷ್ಯನ ಕುತ್ತಿಗೆಯ ಮೇಲೆ ಕಾಲಿಟ್ಟರೂ ಭಾರತದ ದನಿ ಏಳುತ್ತದೆ ಎಂದರು. ನಾನು ಒಂದೊಂದು ವಾಕ್ಯವನ್ನೂ ಕನ್ನಡಕ್ಕೆ ತಂದೆ. ಚೆನ್ನಾಗಿ ತಂದೆ — ಅವರ ಇಂಗ್ಲಿಷಿಗಿಂತ ನನ್ನ ಕನ್ನಡವೇ ಚೆನ್ನಾಗಿತ್ತು ಎಂಬ ಜಂಬ ಆಗಲೂ ಇತ್ತು, ಈಗಲೂ ಇದೆ. 'ಭಾರತದ ದನಿ' ಎಂದಾಗ ಚಪ್ಪಾಳೆ ಬಿತ್ತು. ಚಪ್ಪಾಳೆ ಅವರಿಗಲ್ಲ, ನನಗೆ ಎನ್ನಿಸಿತು.

ಭಾವ ನಡುವಿನ ಸಾಲಿನಿಂದ ಎದ್ದರು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

"ಸ್ವಾಮಿ, ತಾವು ಈಜಿಪ್ಟಿನ ಬಗ್ಗೆ ಹೇಳಿದ್ದು ಸರಿ. ಒಂದು ದೊಡ್ಡ ದೇಶ ಒಂದು ಸಣ್ಣ ದೇಶದ ಒಳಗೆ ಟ್ಯಾಂಕು ನುಗ್ಗಿಸಿದೆ, ಅಲ್ಲಿಯ ಹುಡುಗರು ಸಾಯ್ತಾ ಇದ್ದಾರೆ. ಅದಕ್ಕೆ ನಮ್ಮ ದೊಡ್ಡವರು ಯಾಕೆ ಬಾಯಿ ಬಿಡ್ಲಿಲ್ಲ? ಹಂಗೇರಿ ಗತಿ ಏನು?"

ದೊಡ್ಡದು, ಸಣ್ಣದು, ಒಳಗೆ ನುಗ್ಗಿದ್ದು — ಇಷ್ಟು ಸಾಕಾಯಿತು. ಅಂಗಳದಲ್ಲಿ ಯಾರೋ ಶಿಳ್ಳೆ ಹಾಕಿದರು. "ಹೇಳು ಬೆಳ್ಯಪ್ಪ, ಹೇಳು! ಸಣ್ಣದನ್ನ ನುಂಗಿದ್ದು ಯಾರು ಹೇಳು!" ಎಂದು ಹಿಂದಿನಿಂದ ಕೂಗು ಬಂತು. ಜನಕ್ಕೆ ಹಂಗೇರಿ ಬೇಕಿರಲಿಲ್ಲ, ಅವರು ಕೇಳಿಸಿಕೊಂಡದ್ದು ಕೊಡಗು ಮತ್ತು ಮೈಸೂರು. ಮುದ್ದಯ್ಯನವರೂ ಅದನ್ನೇ ಕೇಳಿಸಿಕೊಂಡು ಕುರ್ಚಿಯಿಂದ ಅರ್ಧ ಎದ್ದರು, ನನ್ನತ್ತ ನೋಡಿದರು. ಇಡೀ ಅಂಗಳದಲ್ಲಿ ಆ ಪ್ರಶ್ನೆ ಹಂಗೇರಿಯ ಬಗ್ಗೆಯೇ ಎಂದು ಗೊತ್ತಿದ್ದವರು ಇಬ್ಬರು. ಕೇಳಿದವರು, ಮತ್ತು ಕಲಿಸಿಕೊಟ್ಟವನು.

ನಾಯಕರು ನನ್ನ ಕಡೆ ಬಾಗಿ, ಆ ಮನುಷ್ಯ ಏನು ಕೇಳುತ್ತಿದ್ದಾನೆ ಎಂದರು.

ನಾನು ಇಂಗ್ಲಿಷಿನಲ್ಲಿ ಹೇಳಿದೆ: ಏನಿಲ್ಲ ಸರ್, ವಿಲೀನದ ಬಗ್ಗೆ ಗೊಣಗುತ್ತಿದ್ದಾನೆ. ಇಲ್ಲಿ ಇಂಥವರು ಕೆಲವರಿದ್ದಾರೆ.

ಆಮೇಲೆ — ಅಥವಾ ಅದಕ್ಕೂ ಮೊದಲು — ಭಾವನ ಕಡೆ ತಿರುಗಿದೆ. ಭಾವ ಇನ್ನೂ ನಿಂತಿದ್ದರು, ಉತ್ತರಕ್ಕೆ ಕಾಯುತ್ತ. "ಹಂಗೇರಿ ಗತಿಯಾ?" ಎಂದೆ. ಕೈ ತಿರುವಿ, ಆ ಗುಮಾಸ್ತರ ರಾಗದಲ್ಲಿ ಎಳೆದೆ: "ಹಂಗೇ... ರೀ!"

ಅಂಗಳ ಬಿದ್ದು ಬಿದ್ದು ನಕ್ಕಿತು. ವಿಲೀನದ ಪರದವರೂ ನಕ್ಕರು, ವಿರೋಧದವರೂ ನಕ್ಕರು. ಮುದ್ದಯ್ಯನವರು ಕುರ್ಚಿಯಲ್ಲಿ ಕೂತರು. ಏನೂ ಅರ್ಥವಾಗದ ನಾಯಕರೂ ನಕ್ಕು, ದೇಶದ ಐಕ್ಯದ ಬಗ್ಗೆ ನಾಲ್ಕು ಮಾತು ಹೇಳಿದರು. ಅದನ್ನೂ ನಾನು ಚೆನ್ನಾಗಿಯೇ ಅನುವಾದಿಸಿದೆ.

ಭಾವನಿಗೆ ಇಂಗ್ಲಿಷ್ ಕೇಳಿದರೆ ಅರ್ಥವಾಗುತ್ತದೆ ಎಂಬುದು ನನಗೆ ನೆನಪಾದದ್ದು ಸಭೆ ಚದುರಿದ ಮೇಲೆ. ಅಥವಾ ಮೊದಲೇ ನೆನಪಿತ್ತೋ. ಬೆರಳು ಇಡಲು ಹೋದರೆ ಆ ಜಾಗ ಜಾರುತ್ತದೆ.

ಮರುದಿನ ಪೇಪರು ಬಂತು, ಭಾವ ಓದು ಎನ್ನಲಿಲ್ಲ. ಎಮ್ಮೆ ಎನ್ನುವುದೂ ನಿಂತಿತು, ನನ್ನ ಹೆಸರು ಹಿಡಿದು ಕರೆಯತೊಡಗಿದರು. ಅದನ್ನು ತಾಳಲಾರದೆ ನಾನು ಅಪ್ಪನ ಮನೆಗೆ ಹೋದೆ. ಅಲ್ಲಿಗೇ ಕೆಲಸದ ಆದೇಶ ಬಂತು. ಹಾಸನದ ಕಡೆ, ರಾಜ್ಯಶಾಸ್ತ್ರದ ಅಧ್ಯಾಪಕ.

ಭಾವ ಗೋಣಿಕೊಪ್ಪಲಿನಲ್ಲೇ ಉಳಿದರು. ಅವರ ಹೆಸರು ಉಳಿಯಲಿಲ್ಲ. ಮೊದಲು ಚಹದಂಗಡಿಯವರು ಶುರು ಮಾಡಿದರು, ಆಮೇಲೆ ಬಸ್ಸಿನವರು. ರಜೆಯಲ್ಲಿ ಒಮ್ಮೆ ಅವರೊಟ್ಟಿಗೆ ಬಸ್ಸಿನಲ್ಲಿದ್ದಾಗ ನಾನೇ ಕೇಳಿದ್ದೇನೆ. ಅವರು ಇಳಿಯುವ ಜಾಗ ಬಂದಾಗ ಕಂಡಕ್ಟರ್ ಬಾಗಿಲು ಬಡಿದು ಕೂಗಿದ:

"ಹಂಗೇರಿ, ಹಂಗೇರಿ! ಹಂಗೇರಿ ಯಾರ್ರೀ ಇಳಿಯೋದು?"

"ಹಂಗೇ ರೀ!" ಎಂದು ಹಿಂದಿನ ಸೀಟಿನವರು.

ಭಾವ ಇಳಿದರು. ನಾನು ಅವರ ಹಿಂದೆ ಚೀಲ ಹಿಡಿದು ಇಳಿದೆ. ಆ ತಮಾಷೆ ಯಾರದ್ದು ಎಂದು ಆ ಬಸ್ಸಿನಲ್ಲಿ ಯಾರಿಗೂ ನೆನಪಿರಲಿಲ್ಲ. ನನಗೆ ಅದು ಸಮಾಧಾನವಾಯಿತು. ಹೌದು — ಸಮಾಧಾನ.

ತಮಾಷೆಯಲ್ಲವೇ, ಹೋಗಲಿ ಎನ್ನಬಹುದು. ಆದರೆ ಭಾವ ಬೆಳೆಗಾರರ ಸಂಘದ ಸಭೆಗಳಲ್ಲಿ ಎದ್ದು ಮಾತಾಡುವ ಮನುಷ್ಯ. ಸಣ್ಣ ತೋಟದವರ ಕಾಫಿಯನ್ನು ತೂಕದಲ್ಲಿ ಹೊಡೆಯುತ್ತಿದ್ದಾಗ ದೊಡ್ಡವರ ಎದುರು ನಿಂತು ಕೇಳಿದವರು ಅವರೊಬ್ಬರೇ. ಆ ನವೆಂಬರಿನ ನಂತರ ಅವರು ಎದ್ದು ನಿಂತರೆ ಸಾಕು, ಮೂಲೆಯಿಂದ ಯಾರಾದರೂ ಮೆಲ್ಲಗೆ ರಾಗ ಎಳೆಯುತ್ತಿದ್ದರು. ಸಭೆ ನಗುತ್ತಿತ್ತು. ನಗು ನಿಂತ ಮೇಲೆ ಅವರು ಹೇಳುವುದನ್ನು ಯಾರೂ ಕೇಳುತ್ತಿರಲಿಲ್ಲ. ಒಂದು ವರ್ಷ ಹೀಗೆ ನಡೆಯಿತಂತೆ. ಆಮೇಲೆ ಅವರು ಏಳುವುದನ್ನು ಬಿಟ್ಟರು. ಆಮೇಲೆ ಹೋಗುವುದನ್ನೂ.

ಇತ್ತ ನಾನು ಪ್ರತಿ ವರ್ಷ ಕ್ಲಾಸಿನಲ್ಲಿ ಅದೇ ಪಾಠ ಮಾಡಿದೆ: ಪರದೇಶದ ಸ್ವಾತಂತ್ರ್ಯದ ಬಗ್ಗೆ ಒಂದು ರಾಷ್ಟ್ರದ ನಾಯಕರು ದನಿಯೆತ್ತಬೇಕೇ? ಎತ್ತಬೇಕು ಎಂಬುದಕ್ಕೆ ಕಾರಣಗಳು, ಎತ್ತಬಾರದು ಎಂಬುದಕ್ಕೆ ಕಾರಣಗಳು. ಬರೆದುಕೊಳ್ಳಿ. ಕೊನೆಗೆ ದೆಹಲಿ ಹಂಗೇರಿಯ ಬಗ್ಗೆಯೂ ಅಷ್ಟಿಷ್ಟು ಮಾತಾಡಿತ್ತು — ತಡವಾಗಿ, ಅಳೆದು, ಯಾರಿಗೂ ನೋವಾಗದ ಹಾಗೆ. ಕೆಲವು ವರ್ಷದ ಮೇಲೆ ಟಿಬೆಟಿನವರು ಕುಶಾಲನಗರದ ಆಚೆ ಬಂದು ನೆಲೆಸಿದಾಗ ಒಬ್ಬ ವಿದ್ಯಾರ್ಥಿ ಕೇಳಿದ: "ಸರ್, ನಮ್ಮವರು ಆಗ ಗಟ್ಟಿಯಾಗಿ ಮಾತಾಡಬೇಕಿತ್ತಲ್ಲವಾ? ನಿಮ್ಮ ಅಭಿಪ್ರಾಯ ಏನು?" ಅಭಿಪ್ರಾಯ ಪರೀಕ್ಷೆಗೆ ಬರುವುದಿಲ್ಲ ಎಂದೆ. ಕ್ಲಾಸು ನಕ್ಕಿತು. ನನಗೆ ಆ ವಿದ್ಯೆ ಇನ್ನೂ ಮರೆತಿರಲಿಲ್ಲ.

ನಾಯಕರ ಮೇಲೆ ನನಗೆ ಸಿಟ್ಟು ಇಲ್ಲವೆಂದಲ್ಲ. ತಮಗೆ ಖರ್ಚಿಲ್ಲದ ಕಡೆ ಗುಡುಗಿ, ಖರ್ಚಿರುವ ಕಡೆ ಗಂಟಲು ಸರಿಮಾಡಿಕೊಳ್ಳುವ ಆ ಜಾತಿಯ ಮೇಲೆ ಈಗಲೂ ಹೇಸಿಗೆ ಇದೆ. ಆದರೆ ಶೇರ್ವಾನಿಯ ಆ ಮನುಷ್ಯನಿಗೆ ಪ್ರಶ್ನೆಯೇ ತಲುಪಿರಲಿಲ್ಲ. ಅವರು ಏನು ಹೇಳುತ್ತಿದ್ದರು? ಜಾರಿಕೊಳ್ಳುತ್ತಿದ್ದರು, ಬಹುಶಃ. ಅಥವಾ ಒಪ್ಪಿಕೊಳ್ಳುತ್ತಿದ್ದರೋ. ಜಾರಿಕೊಳ್ಳುವ ಅವಕಾಶವನ್ನೂ ನಾನು ಅವರಿಗೆ ಕೊಡಲಿಲ್ಲ. ಆ ದಿನ ಜಾರಿಕೊಂಡವನು ನಾನು. ನನಗೆ ಖರ್ಚು ಬೀಳುತ್ತಿತ್ತು, ಒಂದು ಅಧ್ಯಾಪಕನ ಕೆಲಸ. ದೇಶಗಳಿಗೆ ಬೀಳುವ ಖರ್ಚು ಇದಕ್ಕಿಂತ ದೊಡ್ಡದಿರಬೇಕು. ಆದರೆ ಬಾಯಿ ಮುಚ್ಚುವಾಗ ಗಂಟಲಿಗೆ ಆಗುವುದು ಒಂದೇ ಥರ ಎಂದು ನನ್ನ ಅನುಮಾನ.

ಭಾವ ತೀರಿಕೊಂಡ ವರ್ಷ ನಾನು ಅಕ್ಕನ ಜೊತೆ ಕೆಲವು ದಿನ ಇದ್ದೆ. ಒಂದು ಮಧ್ಯಾಹ್ನ ಅಂಗಳದಲ್ಲಿ ಕಾಫಿ ಹರಡಿತ್ತು, ಅವಳು ಕಾಲಿನಲ್ಲಿ ಕೆದಕಿ ತಿರುವುತ್ತಿದ್ದಳು. ತಲೆ ಎತ್ತದೆ ಹೇಳಿದಳು:

"ಅವರು ಯಾರಿಗೂ ನಿನ್ನ ಹೆಸರು ಹೇಳ್ಲಿಲ್ಲ."

"ಯಾವ ವಿಷಯ ಅಕ್ಕ?"

"ಗೊತ್ತಿಲ್ಲದ ಹಾಗೆ ಮಾಡ್ಬೇಡ. ಪೇಪರ್ ಓದಿ ಅವರ ತಲೆಗೆ ಹಾಕಿದ್ದು ನೀನು. ಕಾಫಿ ತಂದು ಕೊಟ್ಟವಳು ನಾನು. ನಂಗೆ ಎಲ್ಲ ಗೊತ್ತುಟ್ಟು."

ಕೊನೆಯದನ್ನು ಅವಳು ಅರೆಭಾಷೆಯಲ್ಲೇ ಹೇಳಿದಳು. ನನ್ನೊಟ್ಟಿಗೆ ಕನ್ನಡ ಆಡುವುದು ಅವಳಿಗೆ ಯಾವಾಗ ಅಭ್ಯಾಸವಾಗಿತ್ತೋ. ಮೇಷ್ಟ್ರಾದ ಮೇಲೆ ಇರಬೇಕು. ಅವಳ ಮುಖ ನೋಡಲಾಗದೆ ನಾನು ಎಷ್ಟೋ ವರ್ಷದಿಂದ ನನಗೇ ಹೇಳಿಕೊಳ್ಳುತ್ತಿದ್ದುದನ್ನು ಅವಳಿಗೂ ಹೇಳಿದೆ. ಅಕ್ಕ, ಆ 'ಹಂಗೇ ರೀ' ಜನಕ್ಕೆ ಕೇಳಲಿ ಎಂದು ಅಂದದ್ದಲ್ಲ. ಮನಸ್ಸಿನ ಕಸಿವಿಸಿಗೆ, ಬಾಯೊಳಗೇ, ಮೆಲ್ಲಗೆ ಅಂದುಕೊಂಡೆ. ಎದುರಿಗೆ ಮೈಕು ಇತ್ತು, ಅದು ಹಿಡಿದುಬಿಟ್ಟಿತು. ನನ್ನ ತಪ್ಪಿಗಿಂತ ಆ ಮೈಕಿನ —

ಅಕ್ಕ ಕಾಲು ನಿಲ್ಲಿಸಿದಳು. "ಮೈಕಾ?" ಎಂದಳು. ಅಷ್ಟೇ. ಮತ್ತೆ ಕಾಫಿ ಕೆದಕತೊಡಗಿದಳು.

ಆ ಒಂದು ಪದ ನನ್ನನ್ನು ಬಿಡಲಿಲ್ಲ. ನನಗೆ ಆ ಮೈಕು ಕಣ್ಣಿಗೆ ಕಟ್ಟಿದ ಹಾಗಿತ್ತು — ಕರಿಯ ತಲೆ, ಬೆಳ್ಳಿ ಬಣ್ಣದ ಕೋಲು, ನನ್ನ ಗಲ್ಲದ ಎತ್ತರ. ಅಷ್ಟು ಸ್ಪಷ್ಟವಾಗಿ ಕಾಣುವುದು ಸುಳ್ಳಿರಲು ಸಾಧ್ಯವೇ? ಮರುದಿನ ಮುದ್ದಯ್ಯನವರ ಮನೆಗೆ ಹೋದೆ. ತುಂಬ ಮುದುಕರಾಗಿದ್ದರು, ಆದರೆ ಬುದ್ಧಿ ಚುರುಕಾಗಿತ್ತು. ಆ ಸಭೆಗೆ ಯಾರು ಬಂದಿದ್ದರು, ನಾಯಕರು ಯಾರ ಜೀಪಿನಲ್ಲಿ ಬಂದರು, ಊಟಕ್ಕೆ ಏನಿತ್ತು, ಎಲ್ಲ ಹೇಳಿದರು. ಸುತ್ತುಬಳಸಿ ಕೇಳಿದೆ: ಮೈಕು ಸೆಟ್ಟು ಯಾರದ್ದು ತರಿಸಿದ್ದಿರಿ?

"ಮೈಕಾ? ಎಲ್ಲಿತ್ತು ಮಾರಾಯ ಮೈಕು!" ಎಂದು ನಕ್ಕರು. "ಊರೂರಲ್ಲೂ ಸಭೆ ಆಗ, ಒಂದು ಸೆಟ್ಟೂ ಸಿಗ್ಲಿಲ್ಲ. ಅದಕ್ಕೇ ಅಲ್ಲವಾ ನಿನ್ನನ್ನ ಹಿಡಿದದ್ದು? ಇಂಗ್ಲಿಷ್ ಬರುವವರು ಬೇರೆಯೂ ಇದ್ದರು. ಅಷ್ಟು ದೊಡ್ಡ ಗಂಟಲು ಇದ್ದದ್ದು ನಿನಗೊಬ್ಬನಿಗೇ."

ಅವರ ವಯಸ್ಸನ್ನು ನಂಬದೆ, ಆ ದಿನ ಗೋದಾಮಿನ ಬಾಗಿಲ ಬಳಿ, ಎಲ್ಲರಿಗಿಂತ ಹಿಂದೆ ನಿಂತಿದ್ದ ಇನ್ನೊಬ್ಬರನ್ನು ಹುಡುಕಿ ಕೇಳಿದೆ. ನನ್ನ ಪ್ರತಿ ಅಕ್ಷರವೂ ಅಲ್ಲಿಗೆ ಕೇಳಿಸಿತ್ತು. ವೇದಿಕೆಯ ಮೇಲೆ ಮೈಕು ಇರಲಿಲ್ಲ.